ಕೈತೋಟಕ್ಕೆ ಯಾವ ಕೇಲ್?

ಕೇಳುಗರೇ, ನಮಸ್ಕಾರ. ಎಲೆಕೋಸು, ಹೂಕೋಸು, ನವಿಲುಕೋಸುಗಳ ಕುಲಕ್ಕೇ ಸೇರಿದ್ದರೂ ಉಂಡೆಯನ್ನಾಗಲಿ ಗೆಡ್ಡೆಯನ್ನಾಗಲಿ ಕಟ್ಟದೆ ಬರಿಯ ಎಲೆಯನ್ನು ಕೊಡುವ ಕೇಲ್ ಸೊಪ್ಪು, ಯುರೋಪಿನಿಂದ ಹೊರಟು ಈಗ ಬೆಂಗಳೂರಿನ ತಾರಸಿ ತೋಟಗಳನ್ನೂ ತಲುಪಿದೆ. ಇದರ ತಳಿಯನ್ನು ಪೊಟ್ಟಣದ ಮೇಲಿನ ಚಿತ್ರ ನೋಡಿ ಆರಿಸುವವರೇ ಹೆಚ್ಚು. ನನ್ನನ್ನು ಕೇಳಿದರೆ, ನಮ್ಮ ಹವೆಯಲ್ಲಿ ಮೊದಲು ನೋಡಬೇಕಾದದ್ದು ಎಲೆಯ ಮೈಯನ್ನು.

ಚಳಿದೇಶಗಳಲ್ಲಿ ಹಿಮ ಬಿದ್ದ ಮೇಲೆ ಕೊಯ್ದ ಕೇಲ್ ರುಚಿಯೆನ್ನುತ್ತಾರೆ. ಕೊರೆಯುವ ಚಳಿಗೆ ಗಿಡವು ತನ್ನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುವುದೇ ಅದಕ್ಕೆ ಕಾರಣ. ಬೆಂಗಳೂರಿನ ಜನವರಿಯ ಚಳಿ ಅಷ್ಟಕ್ಕೆ ಸಾಲದಾದ್ದರಿಂದ ಎಲೆಯನ್ನು ಎಳೆಯದಾಗಿರುವಾಗಲೇ ಕೀಳುವುದು ಲೇಸು.

ಗುಂಗುರು ಎಲೆಯ ಸ್ಕಾಟ್ ತಳಿಗಳು ನೋಡಲು ಬಲು ಚೆಂದ. ಆದರೆ ಆ ಸುಕ್ಕುಗಳೇ ಸಸ್ಯಹೇನಿಗೆ ಮನೆಯಾಗುತ್ತವೆ. ಬೇವಿನೆಣ್ಣೆ ಸಿಂಪಡಿಸಿದರೂ ಮಡಿಕೆಗಳ ಒಳಕ್ಕೆ ಇಳಿಯುವುದಿಲ್ಲ, ಅಡುಗೆಗೆ ಮುನ್ನ ಒಂದೊಂದು ಎಲೆಯನ್ನೂ ನಲ್ಲಿಯ ಕೆಳಗೆ ಬಿಡಿಸಿ ತೊಳೆಯಬೇಕಾಗುತ್ತದೆ.

ಇಟಲಿಯ ಟಸ್ಕನಿಯ ಲಾಸಿನಾಟೊ ಹಾಗಲ್ಲ. ಅದರ ಎಲೆ ನೀಳ, ಕಡುಹಸಿರು. ಮೈಯೆಲ್ಲ ಗುಳ್ಳೆ ಗುಳ್ಳೆಯಾಗಿದ್ದರೂ ಅಂಚು ಗುಂಗುರಾಗದ ಕಾರಣ ಹುಳುವಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ಬುಡದ ಎಲೆಗಳನ್ನು ಕೀಳುತ್ತ ಹೋದಂತೆ ಗಿಡ ಮೇಲಕ್ಕೆ ಬೆಳೆಯುತ್ತದೆ. ನಡುದಂಟನ್ನು ತೆಗೆದು ಸಣ್ಣಗೆ ಹೆಚ್ಚಿ ಹೆಸರುಬೇಳೆಯೊಂದಿಗೆ ಪಲ್ಯ ಮಾಡಲು ಇದೇ ಸರಿ.

ನೇರಳೆ ನರಗಳ, ಸೀಳೆಲೆಯ ರೆಡ್ ರಷ್ಯನ್ ಕೇಲ್ ಎಂದೇ ಮಾರಾಟವಾದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೇರೆ ಪ್ರಭೇದ. ಎಲೆ ಬಹು ಮೃದು. ಕೊಯ್ದ ಸ್ವಲ್ಪ ಹೊತ್ತಿಗೇ ಬಾಡುವುದರಿಂದ ಅಂಗಡಿಯವರಿಗೆ ಒಗ್ಗದು. ಆ ಕಾರಣಕ್ಕೇ ಅದು ಕೈತೋಟದಲ್ಲಿರಬೇಕು. ಒಂದೇ ಕುಂಡಕ್ಕೆ ಜಾಗವಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ತಳಿ ಯಾವುದಾದರೂ ಕೋಸಿನ ಎಲೆ ತಿನ್ನುವ ಡೈಮಂಡ್ ಬ್ಯಾಕ್ ಪತಂಗ ಬಂದೇ ಬರುತ್ತದೆ. ಎಲೆಕೋಸಿನ ಬೆಳೆಗಾರರು ಸಾಲುಗಳ ನಡುವೆ ಸಾಸಿವೆ ಬಿತ್ತಿ ಈ ಪತಂಗವನ್ನು ಅತ್ತ ಸೆಳೆಯುತ್ತಾರೆ. ಕುಂಡಗಳ ಪಕ್ಕದಲ್ಲಿಯೂ ಒಗ್ಗರಣೆ ಡಬ್ಬಿಯ ಸಾಸಿವೆಯನ್ನೇ ಚೆಲ್ಲಿ ನೋಡಬಹುದು.

ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ ಕೊಯ್ಲು ಆರಂಭಿಸಬಹುದು. ಹೂ ಬಿಡಲು ಕೇಲ್‌ಗೆ ದೀರ್ಘವಾದ ಚಳಿ ಬೇಕಾದ್ದರಿಂದ ನಮ್ಮಲ್ಲಿ ಮನೆಯ ಬೀಜವನ್ನು ನೆಚ್ಚಿಕೊಳ್ಳುವಂತಿಲ್ಲ; ಚಿಕ್ಕ ಪೊಟ್ಟಣವನ್ನೇ ಕೊಂಡು, ಉಳಿದ ಬೀಜವನ್ನು ತೇವ ತಾಗದ ಡಬ್ಬಿಯಲ್ಲಿ ಮುಂದಿನ ಚಳಿಗಾಲಕ್ಕೆ ಇರಿಸಿಕೊಳ್ಳಿ. ನಮಸ್ಕಾರ.