ಕ್ಯಾನ್ಸರ್ ಮನೆತನದ ರೋಗವೇ? ಇಲಿಗಳನ್ನು ಕೇಳೋಣ

ಕೇಳುಗರಿಗೆಲ್ಲ ನಮಸ್ಕಾರ.

ಗಣಪತಿ ಕೂರಿಸಿದ ಮರುದಿನ ನಮ್ಮ ಬಾಗಲಕೋಟೆ ಕಡೆ ನೇಕಾರರ ಓಣಿಗಳಲ್ಲಿ ಇಲಿವಾರ ಮಾಡುತ್ತಾರೆ. ಅವತ್ತು ಮಗ್ಗಕ್ಕೆ ರಜೆ. ನೂಲು ಕಡಿಯಬೇಡಪ್ಪಾ ಅಂತ ಇಲಿಗೆ ಪೂಜೆ. ಇವತ್ತು ನಾನು ಮಾತಾಡುವುದೂ ಇಲಿಯ ಬಗ್ಗೆಯೇ. ಆದರೆ ಇದು ಪ್ರಯೋಗಾಲಯದ ಇಲಿ, ಅಂಗೈಯಲ್ಲಿ ಕೂರುವಷ್ಟು ಸಣ್ಣದು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಕಡೆ ಯಾರಿಗಾದರೂ ಕ್ಯಾನ್ಸರ್ ಬಂತು ಅಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಅವರ ಮನೆತನದಾಗ ಐತೇನ್ರೀ?" ಹೆಣ್ಣು ಕೊಡುವಾಗ, ತರುವಾಗಲೂ ಈ ಮಾತು ಗುಸುಗುಸು ಓಡಾಡುತ್ತದೆ. ಹೌದು ಅಂದರೆ ಇಡೀ ಮನೆತನಕ್ಕೇ ಹಣೆಪಟ್ಟಿ ಕಟ್ಟುತ್ತಾರೆ. ಇಲ್ಲ ಅಂದರೆ "ಹಂಗಾರ ನಮಗ ಬರೂದಿಲ್ಲ ಬಿಡ್ರಿ" ಅಂತ ಇನ್ನೊಂದು ಗುಟ್ಕಾ ಚೀಟಿ ಹರಿದು ಬಾಯಿಗೆ ಹಾಕುತ್ತಾರೆ. ಎರಡೂ ತಪ್ಪು.

ಸುಮಾರು 120 ವರ್ಷದ ಹಿಂದೆ ಅಮೆರಿಕದ ಗ್ರಾನ್‌ಬಿ ಎಂಬ ಊರಲ್ಲಿ ಅಬ್ಬಿ ಲ್ಯಾಥ್ರೊಪ್ ಅಂತ ಒಬ್ಬ ಹೆಣ್ಣುಮಗಳು ಇದ್ದರು. ಟೀಚರ್ ಕೆಲಸ ಬಿಟ್ಟವರು, ಸಾಕುವ ಖಯಾಲಿ ಇದ್ದವರಿಗೆ ಬಣ್ಣಬಣ್ಣದ ಇಲಿ ಮಾರುತ್ತಿದ್ದರು. ಕೆಲವು ಇಲಿಗಳ ಮೈಮೇಲೆ ಏನೋ ಗಾಯ, ಗಂಟು ಕಂಡಾಗ ಸುಮ್ನೆ ಎಸೆಯಲಿಲ್ಲ, ವಿಜ್ಞಾನಿಗಳಿಗೆ ಕಳಿಸಿದರು. ಲಿಯೊ ಲೋಬ್ ಎಂಬುವರು ಪರೀಕ್ಷಿಸಿ ಇದು ಕ್ಯಾನ್ಸರ್ ಅಂದರು. ಆಮೇಲೆ ಇಬ್ಬರೂ ಸೇರಿ ಯಾವ ವಂಶದ ಇಲಿಗೆ ಗಡ್ಡೆ ಜಾಸ್ತಿ, ಯಾವುದಕ್ಕೆ ಕಡಿಮೆ ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟರು. ಇವತ್ತು ಪ್ರಪಂಚದ ಪ್ರಯೋಗಾಲಯಗಳಲ್ಲಿ ಎಲ್ಲೆಲ್ಲೂ ಕಾಣುವ 'ಸಿ57 ಬ್ಲ್ಯಾಕ್ 6' ಎಂಬ ಕಪ್ಪು ಇಲಿಯ ಮೂಲ ಇದೇ ಲ್ಯಾಥ್ರೊಪ್ ಅವರ ಗೂಡು.

ಇಲಿಯೇ ಯಾಕೆ ಅಂತೀರಾ? ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿ ಎರಡು ತಿಂಗಳೊಳಗೆ ಕೂಡಲು ಸಿದ್ಧ. ಒಂದೇ ಸೂಲಿನ ಗಂಡು ಹೆಣ್ಣುಗಳನ್ನು 20 ತಲೆಮಾರು ಕೂಡಿಸುತ್ತಾ ಹೋದರೆ ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಮನುಷ್ಯರಲ್ಲಿ ಹೀಗೆ ಮಾಡೋಕೆ ಆಗಲ್ಲ, ಮಾಡಲೂಬಾರದು.

ಈಗ ನನಗೆ ಬಹಳ ಇಷ್ಟವಾದ ಭಾಗ. ಸ್ತನ ಕ್ಯಾನ್ಸರ್ ಜಾಸ್ತಿ ಬರುವ ಕೆಲವು ಇಲಿ ತಳಿಗಳಿದ್ದವು. ತಾಯಿಗೆ ಬಂತು, ಮಗಳಿಗೆ ಬಂತು, ಮೊಮ್ಮಗಳಿಗೂ ಬಂತು. ಇದು ರಕ್ತದಲ್ಲೇ ಇದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ತಳಿಗಳನ್ನು ಅದಲುಬದಲು ಕೂಡಿಸಿ ನೋಡಿದರೆ ರೋಗ ಹೆಚ್ಚಾಗಿ ತಾಯಿಯ ಕಡೆಯಿಂದಲೇ ಬರುತ್ತಿತ್ತು. ತಂದೆ ಆ ತಳಿಯವನಾದರೆ ಅಷ್ಟು ಬರುತ್ತಿರಲಿಲ್ಲ. ಜೀನ್, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಮಕ್ಕಳಿಗೆ ಇಳಿದು ಬರುವ ಗುಣಗಳ ಸೂಚನೆ. ಕಾರಣ ಅದೇ ಆಗಿದ್ದರೆ ರೋಗ ಇಬ್ಬರಿಂದಲೂ ಬರಬೇಕಿತ್ತು. ಜಾನ್ ಬಿಟ್ನರ್ ಎಂಬ ವಿಜ್ಞಾನಿ ಹುಟ್ಟಿದ ಮರಿಗಳನ್ನು ಹೆತ್ತ ತಾಯಿಯಿಂದ ಬೇರೆ ಮಾಡಿ, ಕ್ಯಾನ್ಸರ್ ಕಡಿಮೆ ಇದ್ದ ತಳಿಯ ಬಾಣಂತಿ ಇಲಿಯ ಹಾಲಿಗೆ ಬಿಟ್ಟರು. ರೋಗ ಇಳಿದೇಬಿಟ್ಟಿತು. ಇದನ್ನು ಅವರು ಪ್ರಕಟಿಸಿದ್ದು 1936ರಲ್ಲಿ. ಹಾಲಿನಲ್ಲಿ ಒಂದು ವೈರಸ್ ಇತ್ತು ಅನ್ನುವುದು ಮುಂದೆ ಖಚಿತವಾಯಿತು. (ತಾಯಂದಿರೇ, ಇದು ಇಲಿಯ ಹಾಲಿನ ಮಾತು. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ ಮತ್ತೆ!) ಮನೆತನದಲ್ಲಿ ಸಾಲಾಗಿ ಬಂದಿದ್ದೆಲ್ಲ ಜೀನ್‌ನಿಂದಲೇ ಬಂದಿದ್ದು ಅನ್ನೋಕೆ ಆಗಲ್ಲ.

ಹಾಗಂತ ಜೀನ್ ಲೆಕ್ಕಕ್ಕಿಲ್ಲ ಅಂತಲ್ಲ. ಇಲಿಯಲ್ಲಿ ಬೇಕಾದ ಒಂದೇ ಜೀನ್ ಕೆಡಿಸುವ ದಾರಿ ಕಂಡುಹಿಡಿದ ಕಪೆಕಿ, ಇವಾನ್ಸ್, ಸ್ಮಿಥೀಸ್ ಮೂವರಿಗೆ 2007ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ 1992ರಲ್ಲಿ ಪಿ53 ಎಂಬ ಜೀನ್ ಇಲ್ಲದ ಇಲಿಗಳನ್ನು ಮಾಡಿದರು. ಈ ಜೀನ್‌ನ ಕೆಲಸ ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವುದು. ಮರಿಗಳು ನೋಡಲು ಚೆನ್ನಾಗಿಯೇ ಹುಟ್ಟಿದವು. 6 ತಿಂಗಳು ತುಂಬುವುದರೊಳಗೆ ನಾಲ್ಕರಲ್ಲಿ ಮೂರು ಇಲಿಗೆ ಗಡ್ಡೆ.

ಆದರೆ ಜೀನ್ ಒಂದೇ ಆದರೂ ಫಲ ಒಂದೇ ಆಗಿರಬೇಕೆಂದಿಲ್ಲ. 'ಮಿನ್' ಅಂತ ಒಂದು ಇಲಿ ಇದೆ, ಎಪಿಸಿ ಎಂಬ ಜೀನ್ ಕೆಟ್ಟಿದ್ದು. ಆಗಲೇ ಹೇಳಿದ ಕಪ್ಪು ತಳಿಯಲ್ಲಿ ಈ ದೋಷ ಇದ್ದರೆ ಕರುಳಲ್ಲಿ ಸುಮಾರು 30 ಗಂಟು. ಎಕೆಆರ್ ಎಂಬ ಬೇರೆ ತಳಿಯ ಜೊತೆ ಕೂಡಿಸಿದರೆ, ಅದೇ ದೋಷ ಹೊತ್ತ ಮರಿಗೆ ಐದಾರು. ಉಳಿದ ಜೀನ್‌ಗಳು ಕೈ ಹಿಡಿದವು. ಇಲಿಗೂ ಮನುಷ್ಯರಿಗೂ ತಾಳೆ ತಪ್ಪುವುದೂ ಉಂಟು. ಆರ್‌ಬಿ ಎಂಬ ಜೀನ್‌ನ ಎರಡು ಪ್ರತಿಗಳಲ್ಲಿ (ಅಪ್ಪನಿಂದ ಒಂದು, ಅಮ್ಮನಿಂದ ಒಂದು) ಒಂದು ಕೆಟ್ಟು ಹುಟ್ಟಿದ ಮಗುವಿಗೆ ಕಣ್ಣಲ್ಲಿ ಕ್ಯಾನ್ಸರ್ ಬರುವ ಅಪಾಯ ಬಹಳ. ಇಲಿಗೆ ಕಣ್ಣಿಗೆ ಬರಲೇ ಇಲ್ಲ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಬಂತು. "ಇಲಿಗಳಲ್ಲಿ ಕ್ಯಾನ್ಸರ್ ಮಾಯ" ಅಂತ ಪೇಪರಿನಲ್ಲಿ ಬಂದಾಗ ನಾನು ಕುಣಿಯುವುದಿಲ್ಲ, ಅದಕ್ಕೇ.

ಮನುಷ್ಯರಲ್ಲಿ ಹುಟ್ಟಿನಿಂದಲೇ ಬಂದ ಜೀನ್ ದೋಷದಿಂದ ಆಗುವ ಕ್ಯಾನ್ಸರ್ ನೂರಕ್ಕೆ 5ರಿಂದ 10 ಅಷ್ಟೇ. ತಾಯಿಗೂ ಅಕ್ಕನಿಗೂ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಡಾಕ್ಟರ್ ಮುಂದೆ ಮುಚ್ಚಿಡದೆ ಹೇಳಿ, ಅದು ಅವರಿಗೆ ಬೇಕಾದ ಮಾಹಿತಿ.

ಇನ್ನು "ನಮಗ ಬರೂದಿಲ್ಲ" ಅನ್ನುವವರ ಮಾತು. ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ, ಜಗಿಯುವವರು ಮನೆಮನೆಯಲ್ಲೂ ಇದ್ದಾರೆ. ಬಾಯಿ ಕ್ಯಾನ್ಸರ್ ಅಭ್ಯಾಸ ಮಾಡೋಕೆ ವಿಜ್ಞಾನಿಗಳು ಇಲಿಯ ಕುಡಿಯುವ ನೀರಿಗೆ ಒಂದು ರಾಸಾಯನಿಕ ಬೆರೆಸುತ್ತಾರೆ. ತಂಬಾಕು ಡಿಎನ್‌ಎಗೆ, ಅಂದರೆ ಜೀನ್‌ಗಳು ಇರುವ ಎಳೆಗೆ, ಮಾಡುವಂಥ ಹಾನಿಯನ್ನೇ ಅದೂ ಮಾಡುತ್ತದೆ. ಸಾಮಾನ್ಯವಾಗಿ 16 ವಾರ ಕುಡಿಸಿ, ಆಮೇಲೆ ಬರೀ ನೀರು ಕೊಡುತ್ತಾರೆ. ನಾಲಿಗೆ ಮೇಲೆ ಮೊದಲು ಬಿಳಿ ಮಚ್ಚೆ, ಆಮೇಲೆ ಗಂಟು. ನೀರು ಬದಲಾಯಿಸಿ ವಾರಗಳು ಕಳೆದ ಮೇಲೂ ಗಂಟು ಬೆಳೆಯುತ್ತದೆ. ಇವು ಅದೇ ಕಪ್ಪು ತಳಿಯ ಇಲಿಗಳು, ಇವುಗಳ ಮನೆತನದಲ್ಲಿ ನಾಲಿಗೆ ಕ್ಯಾನ್ಸರ್ ಇರಲಿಲ್ಲ. ನಮ್ಮ ದೇಶದ ಬಾಯಿ ಕ್ಯಾನ್ಸರ್ ಗಡ್ಡೆಗಳಲ್ಲಿ ಅತಿ ಹೆಚ್ಚು ಕೆಟ್ಟಿರುವ ಜೀನ್‌ಗಳಲ್ಲಿ ಆಗಲೇ ಹೇಳಿದ ಪಿ53 ಕೂಡ ಒಂದು. ಸಾಮಾನ್ಯವಾಗಿ ಅಪ್ಪ ಅಮ್ಮ ಅದನ್ನು ಸರಿಯಾಗಿಯೇ ಕೊಟ್ಟಿರುತ್ತಾರೆ, ಕೆಡುವುದು ಆಮೇಲೆ. ಬಾಯಿಯೊಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ, ಹತ್ತಿರದ ಸರಕಾರಿ ದವಾಖಾನೆಗೆ ಹೋಗಿ ತೋರಿಸಿ.

ನಮಸ್ಕಾರ.