ಕಡಲಲ್ಲಿ ಸೊನ್ನೆ, ಯಾಣದಲ್ಲಿ ಗೊಂದಲ: ಜಿಪಿಎಸ್ ವಾಚ್ ಕಟ್ಕೊಂಡು ಉತ್ತರ ಕನ್ನಡ

ಹೊಸ ವಾಚ್ ಬಂದ ತಕ್ಷಣ ಎಲ್ಲರೂ ಓಡೋಕೆ ಹೋಗ್ತಾರೆ. ನಾನು ಹೇಳೋದು, ಮೊದಲು ಸಮುದ್ರದ ದಂಡೆಗೆ ಹೋಗಿ ಸುಮ್ನೆ ನಿಂತ್ಕೊಳ್ಳಿ.

ಈಗ ನೀವು ನೋಡ್ತಿರೋದು ಕಾರವಾರದ ಟ್ಯಾಗೋರ್ ಬೀಚ್. ಬೆಳಗಿನ ಹೊತ್ತು, ವಾಕಿಂಗ್ ಬಂದವರು ಬಿಟ್ರೆ ಜನ ಇಲ್ಲ. ಅಲೆ ಬಂದು ನನ್ನ ಚಪ್ಪಲಿ ನೆನೆಸಿ ಹೋಗ್ತಿದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ, ವಾಚ್ ನೋಡಿ. ಎತ್ತರ 31 ಮೀಟರ್ ಅಂತಿದೆ. ಕಾಲು ನೀರಲ್ಲಿ, ವಾಚ್ ಪ್ರಕಾರ ನಾನು ಹತ್ತು ಮಹಡಿ ಮೇಲೆ.

ವಾಚ್ ಕೆಟ್ಟಿಲ್ಲ. ಅದಕ್ಕೆ ಗೊತ್ತಾಗೋದು ಗಾಳಿಯ ಒತ್ತಡ ಮಾತ್ರ, ಎತ್ತರವನ್ನ ಅದರಿಂದ ಲೆಕ್ಕ ಹಾಕುತ್ತೆ. ಸಮುದ್ರಮಟ್ಟದಲ್ಲಿ ಒತ್ತಡ 1013.25 ಹೆಕ್ಟೋಪಾಸ್ಕಲ್ ಅಂತ ಒಂದು ಮಾನಕ ಇದೆ. ಅದು ಒಂದು ಹೆಕ್ಟೋಪಾಸ್ಕಲ್ ಇಳಿದ್ರೆ ಸುಮಾರು 8 ಮೀಟರ್ ಮೇಲೆ ಹೋದ ಲೆಕ್ಕ. ಆದ್ರೆ ಒತ್ತಡ ಇಳಿಯೋಕೆ ಬೆಟ್ಟಾನೇ ಹತ್ತಬೇಕು ಅಂತಿಲ್ಲ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬರುತ್ತಲ್ಲ, ಅವತ್ತು ನಿಂತಲ್ಲೇ ನಿಂತಿದ್ರೂ ವಾಚ್ ನಿಮ್ಮನ್ನ ಮೇಲಕ್ಕೆ ಹತ್ತಿಸ್ತಾ ಇರುತ್ತೆ.

ಅದಕ್ಕೇ ಬೀಚ್. ನಮ್ಮ ಜಿಲ್ಲೆಯವರಿಗೆ ಪುಕ್ಕಟೆ ಸಿಕ್ಕಿರೋ ಅನುಕೂಲ ಇದು. ಸೆಟ್ಟಿಂಗ್ಸ್‌ಗೆ ಹೋಗಿ, ಆಲ್ಟಿಮೀಟರ್ ಕ್ಯಾಲಿಬ್ರೇಟ್, ಅಂದ್ರೆ ಎತ್ತರದ ಲೆಕ್ಕ ಸರಿ ಮಾಡೋದು, ಅಂತ ಇರುತ್ತೆ, ಅಲ್ಲಿ ದಂಡೆ, ಕೈ ಎತ್ತರ ಸೇರಿಸಿ 2 ಮೀಟರ್ ಅಂತ ಹಾಕಿ. ಆಯ್ತು. ಬೆಂಗಳೂರಲ್ಲಿ ಇರೋರು ತಮ್ಮ ಮನೆ ಎಷ್ಟು ಎತ್ತರದಲ್ಲಿದೆ ಅಂತ ಎಲ್ಲೋ ಹುಡುಕಬೇಕು, ನಮಗೆ ಆ ರಗಳೆ ಇಲ್ಲ.

'ಜಿಪಿಎಸ್ ಇದ್ಯಲ್ಲ, ಎತ್ತರಾನೂ ಅದೇ ಹೇಳಲ್ವಾ' ಅಂತ ಕೇಳಬಹುದು. ಹೇಳುತ್ತೆ, ಆದ್ರೆ ಜಿಪಿಎಸ್‌ಗೆ ಎತ್ತರ ಯಾವತ್ತೂ ಸ್ವಲ್ಪ ಕಷ್ಟದ ವಿಷಯ. ಉಪಗ್ರಹಗಳೆಲ್ಲ ತಲೆ ಮೇಲೇನೇ ಇರ್ತವೆ, ಕಾಲ ಕೆಳಗಿನಿಂದ ಒಂದೂ ಸಿಗ್ನಲ್ ಬರಲ್ಲ. ಇನ್ನೊಂದು ಮಜಾ ಏನು ಅಂದ್ರೆ, ಜಿಪಿಎಸ್ ಭೂಮಿಯನ್ನ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ನುಣುಪಾದ ಗೋಳ ಅಂತ ಇಟ್ಕೊಂಡು ಅಳೆಯುತ್ತೆ. ನಿಜವಾದ ಸಮುದ್ರಮಟ್ಟ ಹಾಗಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರೋ ಒಂದು ಜಾಗ ಇದೆ, ಅಲ್ಲಿ ಸಮುದ್ರಮಟ್ಟ ಆ ಲೆಕ್ಕಕ್ಕಿಂತ 106 ಮೀಟರ್ ತಗ್ಗಲ್ಲಿದೆ. ಯಾಕೆ ಹೀಗೆ ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿಯವರು 2023ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಆ ತಗ್ಗು ದೊಡ್ಡದು, ಕಾರವಾರದ ಕಡಲೂ ಹತ್ತಾರು ಮೀಟರ್ ತಗ್ಗಲ್ಲೇ ಇದೆ. ವಾಚ್ ಒಳಗೆ ಎಲ್ಲಿ ಎಷ್ಟು ತಗ್ಗು ಅನ್ನೋ ಒಂದು ಪಟ್ಟಿ ಇಟ್ಕೊಂಡು ಈ ವ್ಯತ್ಯಾಸ ಸರಿ ಮಾಡುತ್ತೆ. ಇಲ್ಲದಿದ್ರೆ ನಾವೆಲ್ಲ ದಿನಾ ನೀರೊಳಗೆ ವಾಕಿಂಗ್ ಮಾಡ್ತಿರೋ ಹಾಗೆ ತೋರಿಸ್ತಿತ್ತು.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ಈ ವಾಚ್ ಕಟ್ಕೊಂಡ ಮೇಲೆ ನನಗೆ ಹತ್ತಿದ ಪ್ರಶ್ನೆ ಒಂದೇ. ತೆರೆ ಮೇಲೆ ಇಷ್ಟೊಂದು ಅಂಕಿ ಬರ್ತಾವಲ್ಲ, ಯಾವುದನ್ನ ಎಲ್ಲಿ ನಂಬೋದು? ಕಡಲಲ್ಲಿ ಒಂದು ಉತ್ತರ, ಘಟ್ಟದಲ್ಲಿ ಇನ್ನೊಂದು.

ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆಯಲ್ಲೇ ನಡ್ಕೊಂಡು ಬರೋ ದಾರಿ ಗೊತ್ತಿರಬಹುದು. ಅಘನಾಶಿನಿ ಊರು, ಅಲ್ಲಿಂದ ನದಿ ದಾಟಿ ತದಡಿ, ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಇಲ್ಲಿ ಜಿಪಿಎಸ್ ರಾಜ. ಪಶ್ಚಿಮಕ್ಕೆ ಪೂರ್ತಿ ಬಯಲು ಆಕಾಶ. ಸ್ಥಾನ ಗೊತ್ತಾಗೋಕೆ ನಾಲ್ಕು ಉಪಗ್ರಹ ಸಾಕು, ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗ್ತವೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ. ನಮ್ಮದೇ ನಾವಿಕ್ ಇನ್ನೂ ಎಲ್ಲ ವಾಚಲ್ಲಿ ಬರಲ್ಲ. 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಎಲ್1 ಅನ್ನೋ ತರಂಗದ ಸಿಗ್ನಲ್ ಸೇರಿಸಿದ್ದಾರೆ, ಕೈಗೆ ಕಟ್ಕೊಳ್ಳೋ ಇಂಥ ಸಣ್ಣ ಸಾಧನಕ್ಕೆ ಅದೇ ಬೇಕಾಗಿದ್ದು. ಬೀಚಲ್ಲಿ ಸಾದಾ ಜಿಪಿಎಸ್ ಮೋಡ್ ಇಟ್ರೆ ಸಾಕು, ಬ್ಯಾಟರಿ ಉಳಿಯುತ್ತೆ.

ಅಘನಾಶಿನಿ ದಂಡೆಯಲ್ಲಿ ಬೋಟು ಹತ್ತೋ ಮುಂಚೆ ದಾಖಲೆ ತಡೆಹಿಡಿಯೋ ಪಾಝ್ ಬಟನ್ ಒತ್ತಿ. ಒತ್ತದೆ ಇದ್ರೆ ಏನಾಗುತ್ತೆ ಅಂತ ತೋರಿಸೋಕೇ ನಾನು ಬಿಟ್ಟಿದ್ದೆ, ನೋಡಿ. ನಕ್ಷೆಯಲ್ಲಿ ನೀಲಿ ಗೆರೆ ನದಿ ಮಧ್ಯ ಸರ್ರ್ ಅಂತ ಹೋಗಿದೆ. ನನ್ನ ಜೀವಮಾನದ ಅತಿ ವೇಗದ ಕಿಲೋಮೀಟರ್ ಇದೇ, ಹೃದಯಬಡಿತ 78. ಬೋಟಲ್ಲಿ ಪಕ್ಕ ನಿಂತಿದ್ದ ಅಜ್ಜ ನಾನು ವಾಚ್ ತಿರುಗಿಸಿ ತಿರುಗಿಸಿ ಶೂಟ್ ಮಾಡೋದನ್ನ ನೋಡ್ತಿದ್ರು. 'ಎಂತೆಲ್ಲ ಕಾಣ್ತದೆ ಅದ್ರಲ್ಲಿ?' ಅಂತ ಕೇಳಿದ್ರು. ಉಪಗ್ರಹ, ಎತ್ತರ, ಎದೆಬಡಿತ ಎಲ್ಲ ಹೇಳ್ದೆ. 'ಭರತಿ ಎಷ್ಟೊತ್ತಿಗೆ, ಅದು ಹೇಳ್ತದಾ?'

ಹೇಳುತ್ತೆ ಅಜ್ಜ. ಮತ್ತೆ ಈ ದಾರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದೂ ಅದೇ. ಭರತಿ ದಿನಕ್ಕೆ ಎರಡು ಸಲ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗ್ತಾ ಇರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಇನ್ನೂ ಮೇಲೆ ಬರುತ್ತೆ. ಬಂಡೆ ಬುಡದಲ್ಲಿ ಇಳಿತದ ಹೊತ್ತಿಗೆ ಆರಾಮಾಗಿ ದಾಟೋ ಜಾಗ, ಭರತಿಯಲ್ಲಿ ದಾಟೋ ಹಾಗಿರಲ್ಲ, ಗುಡ್ಡದ ಮೇಲಿನ ದಾರೀನೇ ಗತಿ. ವಾಚಲ್ಲಿ ಬರೋ ಟೈಡ್ ಪಟ್ಟಿ ಒಂದು ಬಂದರಿನ ಲೆಕ್ಕ. ಮನೆಯಲ್ಲೇ ಫೋನಿಗೆ ಜೋಡಿಸಿ ಹತ್ತಿರದ ಬಂದರು ಹಾಕ್ಕೊಂಡು ಬನ್ನಿ, ದಾರಿ ಮಧ್ಯ ನೆಟ್‌ವರ್ಕ್ ನಂಬ್ಕೋಬೇಡಿ.

ಮರಳಲ್ಲಿ ಇನ್ನೊಂದು ತಮಾಷೆ. ಹೆಜ್ಜೆ ಹೂತು ಹೋಗುತ್ತೆ, ವೇಗ ಇಲ್ಲ, ಆದ್ರೆ ಎದೆಬಡಿತ ಮೇಲೆ. ಒಂದೇ ವೇಗದಲ್ಲಿ ನಡೆದ್ರೂ ಗಟ್ಟಿ ನೆಲಕ್ಕಿಂತ ಮರಳಲ್ಲಿ 2.1ರಿಂದ 2.7 ಪಟ್ಟು ಶಕ್ತಿ ಬೇಕು ಅಂತ 1998ರ ಒಂದು ಅಧ್ಯಯನ ಅಳೆದು ಹೇಳಿದೆ. ಅದಕ್ಕೆ ಬೀಚಲ್ಲಿ ಕಿಲೋಮೀಟರ್ ನೋಡ್ಬೇಡಿ, ಎದೆಬಡಿತ ನೋಡಿ. ಸಂಜೆ ವಾಚನ್ನ ಸಿಹಿನೀರಲ್ಲಿ ತೊಳೀರಿ. ಪಕ್ಕದಲ್ಲಿ ಸೂಜಿ ಮೊನೆಯಷ್ಟು ತೂತು ಕಾಣ್ತಿದ್ಯಲ್ಲ, ಒತ್ತಡ ಅಳೆಯೋ ಬಾರೋಮೀಟರ್‌ಗೆ ಗಾಳಿ ಹೋಗೋದು ಅಲ್ಲಿಂದ. ಉಪ್ಪು, ಮರಳು ಕಟ್ಟಿದ್ರೆ ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡಿದ್ದೆಲ್ಲ ದಂಡ.

ಘಟ್ಟ ಹತ್ತೋ ಮುಂಚೆ ಕಾರವಾರದವರಿಗಾಗಿ ಒಂದು ಮಾತು. 2017ರ ನವೆಂಬರಲ್ಲಿ ಸ್ಟ್ರಾವಾ ಆ್ಯಪ್‌ನವರು 100 ಕೋಟಿ ಓಟ, ಸೈಕಲ್ ಸವಾರಿಗಳನ್ನ ಸೇರಿಸಿ ಪ್ರಪಂಚದ ಒಂದು ನಕ್ಷೆ ಬಿಟ್ರು. ಜನವರಿ 2018ರಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ನೋಡ್ತಾನೆ, ಕತ್ತಲೆ ಮರುಭೂಮಿ ಮಧ್ಯ ಸೇನಾ ನೆಲೆಗಳ ಆಕಾರ ಹೊಳೀತಿದೆ. ಸೈನಿಕರು ಬೆಳಿಗ್ಗೆ ಬೆಳಿಗ್ಗೆ ವಾಚ್ ಕಟ್ಕೊಂಡು ಓಡಿದ್ದೇ ನಕ್ಷೆ ಆಗಿತ್ತು. ನಮ್ಮೂರ ಪಕ್ಕದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಆ ಕಡೆ ಓಡೋಕೆ ಹೋಗೋರು, ಅಲ್ಲಿ ಕೆಲಸ ಮಾಡೋರ ಮನೆಯವರು, ಆ್ಯಪಲ್ಲಿ ನಿಮ್ಮ ದಾಖಲೆ 'ನನಗೆ ಮಾತ್ರ' ಅಂತ ಇದ್ಯಾ ನೋಡ್ಕೊಳ್ಳಿ. ಸೇನೆ ವಿಷಯ ಬಿಡಿ, ದಿನಾ ಬೆಳಿಗ್ಗೆ ನಿಮ್ಮ ಓಟ ಶುರುವಾಗೋ ಬಿಂದು ಯಾವುದು? ನಿಮ್ಮ ಮನೆ ಬಾಗಿಲು. ಅದು ಊರಿಗೆಲ್ಲ ಯಾಕೆ?

ಈಗ ಯಾಣ. ಕಾಡಿನ ದಾರಿ ಮುಗಿದು ಕಪ್ಪು ಸುಣ್ಣಕಲ್ಲಿನ ಬಂಡೆ ಎದುರಿಗೆ ಏಳುತ್ತಲ್ಲ, ಎಷ್ಟು ಸಲ ಬಂದ್ರೂ ಒಂದು ಕ್ಷಣ ಮಾತು ನಿಲ್ಲುತ್ತೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ದೇವಸ್ಥಾನದ ಹಿಂದಿನಿಂದ ಬಂಡೆ ಸೀಳಿನೊಳಗೆ ಹೋಗಿ ಪ್ರದಕ್ಷಿಣೆ ಬರಬಹುದು. ಆ ಪ್ರದಕ್ಷಿಣೆಯ ದಾಖಲೆ ಇದು. ನೋಡಿ, ಗೆರೆ ಹೇಗಿದೆ. ಒಂದು ಕಡೆ ಬಂಡೆ ಒಳಗೇ ನುಗ್ಗಿದೆ, ಇನ್ನೊಂದು ಕಡೆ ಕಣಿವೆಗೆ ಹಾರಿ ವಾಪಸ್ ಬಂದಿದೆ. ನಾನು ನಡೆದಿದ್ದು ಸೀದಾ ಸಾದಾ ಒಂದು ಸುತ್ತು.

ಕಾರಣ ಇದು. ಉಪಗ್ರಹ ಇರೋದು 20,200 ಕಿಲೋಮೀಟರ್ ಮೇಲೆ, ಸಿಗ್ನಲ್ ಇಲ್ಲಿಗೆ ಬರೋ ಹೊತ್ತಿಗೆ ತೀರಾ ಕ್ಷೀಣ. ವಾಚ್ ದೂರ ಅಳೆಯೋದು ಸಿಗ್ನಲ್ ಬರೋಕೆ ಹಿಡಿದ ಸಮಯದಿಂದ. ಯಾಣದಲ್ಲಿ ಅದು ನೇರ ಬರಲ್ಲ, ಎದುರು ಬಂಡೆಗೆ ಬಡಿದು ತಿರುಗಿ ಬರುತ್ತೆ. ಒಂದು ಸೆಕೆಂಡನ್ನ ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗ ತಡ ಆದ್ರೂ 30 ಮೀಟರ್ ತಪ್ಪು. ಮೇಲಿಂದ ಒದ್ದೆ ಎಲೆಗಳ ಚಪ್ಪರ ಬೇರೆ, ನೀರು ಈ ಸಿಗ್ನಲನ್ನ ಹೀರ್ಕೊಳ್ಳುತ್ತೆ. ಇಲ್ಲಿ ಡ್ಯುಯಲ್ ಬ್ಯಾಂಡ್ ಮೋಡ್ ಹಾಕಿ. ಎಲ್1 ಜೊತೆ ಎಲ್5 ಅನ್ನೋ ಎರಡನೇ ಸಿಗ್ನಲನ್ನೂ ಕೇಳುತ್ತೆ. ನೇರ ಬಂದಿದ್ದು ಯಾವುದು, ಬಂಡೆಗೆ ಬಡಿದು ಬಂದಿದ್ದು ಯಾವುದು ಅಂತ ಬೇರೆ ಮಾಡೋಕೆ ಎಲ್5 ಚೆನ್ನಾಗಿ ಆಗುತ್ತೆ. ಬ್ಯಾಟರಿ ಜಾಸ್ತಿ ತಿನ್ನುತ್ತೆ, ತಿನ್ನಲಿ. ಗೆರೆ ಎಷ್ಟೋ ಸರಿಹೋಗುತ್ತೆ, ಆದ್ರೂ ಸೀಳಿನೊಳಗೆ ಗೊಂದಲ ತಪ್ಪಲ್ಲ.

ಹಾಗಂತ ಬೈಯೋಕೂ ಮನಸ್ಸಾಗಲ್ಲ. ಜಿಪಿಎಸ್ ಇರೋ ಮೊದಲ ಕೈಗಡಿಯಾರ ಕ್ಯಾಸಿಯೋ ತಂದಿದ್ದು 1999ರಲ್ಲಿ. ಆಗ ಅಮೆರಿಕ ಸೇನೆ ಜನಸಾಮಾನ್ಯರ ಸಿಗ್ನಲನ್ನ ಬೇಕಂತಲೇ ಕೆಡಿಸಿ ಬಿಡ್ತಿತ್ತು, ನೂರು ಮೀಟರ್ ಆಚೀಚೆ ಆಗೋದು ಮಾಮೂಲಿ. 2000ದ ಮೇ ತಿಂಗಳಲ್ಲಿ ಅದನ್ನ ನಿಲ್ಲಿಸಿದ್ರು. ಅದಕ್ಕೂ ಮುಂಚೆ ಆ ವಾಚ್ ಕಟ್ಕೊಂಡು ಯಾಣಕ್ಕೆ ಬಂದಿದ್ರೆ ಯಾವ ಶಿಖರದ ಬುಡದಲ್ಲಿ ಇದೀವಿ ಅಂತಾನೂ ತಿಳೀತಿರಲಿಲ್ಲ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ್ವಿ. ಇಲ್ಲಿ ಜಿಪಿಎಸ್ ಹಿಂದೆ, ಬಾರೋಮೀಟರ್ ಮುಂದೆ. ಶಿರಸಿ ಸುಮಾರು 590 ಮೀಟರ್ ಎತ್ತರ, ಕಡಲಿಂದ ಇಲ್ಲಿಗೆ ಬರೋ ಹೊತ್ತಿಗೆ ಒತ್ತಡ 70 ಹೆಕ್ಟೋಪಾಸ್ಕಲ್ ಹತ್ತಿರ ಇಳಿದಿರುತ್ತೆ. ಉಂಚಳ್ಳಿ ಜಲಪಾತದ 116 ಮೀಟರ್ ಅಂದ್ರೆ ವಾಚಿನ ಲೆಕ್ಕದಲ್ಲಿ ಬರೀ 14 ಹೆಕ್ಟೋಪಾಸ್ಕಲ್. ಅಷ್ಟು ಭೋರ್ಗರೆತಕ್ಕೆ ಇಷ್ಟೇನಾ ಅನ್ಸುತ್ತೆ.

ಕೆಲವು ವಾಚಲ್ಲಿ ಸ್ಟಾರ್ಮ್ ಅಲಾರಂ ಇರುತ್ತೆ. ಮೂರು ಗಂಟೆಯಲ್ಲಿ ನಾಲ್ಕು ಹೆಕ್ಟೋಪಾಸ್ಕಲ್ ಇಳಿದ್ರೆ ಕೂಗುತ್ತೆ. ಭಾವನ ಮನೆ ಜಗಲಿಯಲ್ಲಿ ಕವಳ ಹಾಕ್ತಾ ಕೂತಿದ್ವಿ, ಕೈ ಮೇಲೆ ಗುರ್ರ್ ಅಂತು.

'ಎಂತ ಆತೋ?'

'ಮಳೆ ಬತ್ತಡ ಭಾವ, ವಾಚ್ ಹೇಳ್ತಾ ಇದ್ದು.'

'ಆಷಾಢದಲ್ಲಿ ಮಳೆ ಬತ್ತು ಹೇಳಲೆ ನಿಂಗೆ ವಾಚ್ ಬೇಕಾತನಾ!'

ಭಾವ ನಕ್ಕಿದ್ದು ಸರಿನೇ ಇದೆ. ನಮ್ಮ ಘಟ್ಟದ ಮಳೆ ಮೋಡ ಗುಡ್ಡಕ್ಕೆ ಬಡಿದು ಸುರಿಯೋ ಮಳೆ, ಒತ್ತಡ ದೊಡ್ಡದಾಗಿ ಇಳಿಯದೇನೂ ದಿನಗಟ್ಟಲೆ ಹೊಯ್ಯುತ್ತೆ. ಈ ಅಲಾರಂ ಮೌನವಾಗಿದೆ ಅಂತ ಹಳ್ಳ ದಾಟೋಕೆ ಇಳೀಬೇಡಿ. 2024ರ ಜುಲೈ 16ಕ್ಕೆ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಂಥದ್ದನ್ನ ಹೇಳೋ ವಾಚ್ ಯಾವುದೂ ಇಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಘಟ್ಟಕ್ಕೆ ಹೋಗಲ್ಲ, ಅಷ್ಟೇ.

ಶಿರಸಿ ಕಡೆ ನಾನು ನಿಜಕ್ಕೂ ನಂಬೋದು ಟ್ರ್ಯಾಕ್ ಬ್ಯಾಕ್. ಸೊಪ್ಪಿನ ಬೆಟ್ಟದಲ್ಲಿ ಓಡಾಡಿದವರಿಗೆ ಗೊತ್ತು, ದನ ಹೋದ ದಾರಿ, ಸೊಪ್ಪು ತರೋ ದಾರಿ, ಎಲ್ಲ ಒಂದೇ ಥರ. ಮಂಜು ಇಳಿದ್ರೆ ಹತ್ತು ಮಾರು ಆಚೆ ಕಾಣಲ್ಲ. ವಾಚ್ ನಡೆದಷ್ಟೂ ಗೆರೆ ಎಳೀತಾ ಬಂದಿರುತ್ತೆ, ವಾಪಸ್ ಅದರ ಮೇಲೇ ಬರಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಹಿಂತಿರುಗು ಅಂತ ಒತ್ತಿದಾಗ ಎರಡು ಆಯ್ಕೆ ಬರುತ್ತೆ: 'ಅದೇ ದಾರಿ', 'ನೇರ ಗೆರೆ'. ಘಟ್ಟದಲ್ಲಿ ನೇರ ಗೆರೆ ಯಾವತ್ತೂ ಬೇಡ. ಬಾಣ ನೇರ ತೋರಿಸುತ್ತೆ, ಮಧ್ಯದಲ್ಲಿ ತುಂಬಿದ ಹಳ್ಳ ಇರುತ್ತೆ.

ಇನ್ನು ಈ ದೃಶ್ಯ. ಮಕ್ಕಳು, ಉಂಬಳ (ಜಿಗಣೆ) ಕಂಡ್ರೆ ಹೇಸೋರು ಸ್ವಲ್ಪ ಆ ಕಡೆ ನೋಡಿ. ಏರು ಹತ್ತುವಾಗ ಎದೆಬಡಿತದ ಅಂಕಿ ಬದಲು ಇದ್ದಕ್ಕಿದ್ದಂಗೆ ಬರೀ ಗೀಟು ತೋರಿಸ್ತು. ವಾಚ್ ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಅದನ್ನ ಎಷ್ಟು ಹೀರ್ತು ಅನ್ನೋದರಿಂದ ಬಡಿತ ಎಣಿಸುತ್ತೆ. ಪಟ್ಟಿ ಬಿಚ್ಚಿ ನೋಡಿದ್ರೆ, ಸೆನ್ಸರ್ ಗಾಜಿನ ಅಂಚಿಗೆ ಒಂದು ಉಂಬಳ ಸೇರ್ಕೊಂಡು, ಅದೂ ರಕ್ತದ ಲೆಕ್ಕಾನೇ ಮಾಡ್ತಿದೆ. ಭಾವ ಕವಳದ ಸಂಚಿಯಿಂದ ಸುಣ್ಣ ತೆಗೆದು ಮುಟ್ಟಿಸಿದ, ಬಿಡ್ತು. ಮಳೆಗಾಲದಲ್ಲಿ ಪಟ್ಟಿ ಸಡಿಲ ಬಿಡಬೇಡಿ.

ಕೊನೇದಾಗಿ, ತುಂಬ ಜನ ಕಾಮೆಂಟಲ್ಲಿ ಕೇಳಿದ್ದು: ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವಾಗ ಇದನ್ನೇ ಕಟ್ಕೊಂಡು ಹೋಗಬಹುದಾ? ಬೇಡ. ಹಿಂದೆ 5 ಎಟಿಎಂ, 50 ಮೀಟರ್ ಅಂತ ಬರೆದಿರುತ್ತೆ, ಅದು ಪ್ರಯೋಗಾಲಯದಲ್ಲಿ ಅಲುಗಾಡದ ನೀರಿನ ಒತ್ತಡದ ಲೆಕ್ಕ. ಈಜೋಕೆ ಸಾಕು, ಟ್ಯಾಂಕ್ ಕಟ್ಕೊಂಡು ಕೆಳಗೆ ಇಳಿಯೋಕೆ ಅಲ್ಲ. ಅದಕ್ಕೆ ಐಎಸ್ಒ 6425 ಮಾನಕದ ಡೈವಿಂಗ್ ವಾಚೇ ಬೇಕು. ಮತ್ತೆ ನೀರೊಳಗೆ ಜಿಪಿಎಸ್ ಸಿಗ್ನಲ್ ಬರೋದೇ ಇಲ್ಲ. ಮುಂದಿನ ವಿಡಿಯೋ ನೇತ್ರಾಣಿದೇ. ಆವತ್ತು ಈ ವಾಚ್ ಬೋಟಲ್ಲಿ ಬ್ಯಾಗೊಳಗೆ ಇರುತ್ತೆ, ನಾನು ಕೆಳಗೆ ಇರ್ತೀನಿ.