ಅಲಾಯ್ ವೀಲಿನ ಮೇಲೊಂದು ಬಿಳಿ ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಅಲ್ಯುಮಿನಿಯಮ್ಮಿಗೆ ಏನು ಹಿಡಿಯುತ್ತದೆ? ನಮ್ಮ ಆಡುಮಾತಿನಲ್ಲಿ ಅದಕ್ಕೊಂದು ಹೆಸರೇ ಇಲ್ಲ. ಏನೂ ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮದು. ಐಟಿಐಯಲ್ಲಿ ಹುಡುಗರಿಗೆ ಲೋಹಗಳ ಪಾಠ ಹೇಳಿಕೊಂಡೇ ನಿವೃತ್ತನಾದ ನನಗೂ, ಪುಸ್ತಕ ಏನೇ ಹೇಳಲಿ, ಮನಸ್ಸಿನೊಳಗೆ ಇದ್ದದ್ದು ಅದೇ ನಂಬಿಕೆ. ಅದು ಹೋದದ್ದು ನನ್ನದೇ ಕಾರಿನ ಚಕ್ರ ನೋಡಿದ ಮೇಲೆ.

ಕಾರು ಸೆಕೆಂಡ್ ಹ್ಯಾಂಡ್. ತೆಗೆದುಕೊಳ್ಳುವಾಗ ಕಣ್ಣು ಎಂಜಿನ್ನಿಗಿಂತ ಮೊದಲು ಹೋದದ್ದು ಅಲಾಯ್ ವೀಲಿನ ಕಡೆಗೆ, ಅಂದರೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರದ ಕಡೆಗೆ. ಡೈಮಂಡ್ ಕಟ್ ಅನ್ನುತ್ತಾರಲ್ಲ, ಆ ಬಗೆಯದು. ಮುಂಭಾಗ ಕನ್ನಡಿಯ ಹಾಗೆ ಹೊಳಪು, ಸಂದುಗಳೆಲ್ಲ ಕಪ್ಪು. ಕುಂದಾಪುರದಿಂದ ಬೈಂದೂರಿನ ಕಡೆಗೆ ನನ್ನ ಓಡಾಟ. ನಡುವೆ ಮರವಂತೆ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ನೋಡಲು ಬರುವವರಿಗೆ ಚಂದ. ದಿನಾ ಹೋಗುವ ಕಾರಿಗೆ ಮಾತ್ರ ಅದು ಉಪ್ಪಿನ ಸ್ನಾನ. ಮಳೆಗಾಲದಲ್ಲಿ ಗಾಳಿ ಎದ್ದಾಗ ಗ್ಲಾಸಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿ ನೋಡಿ, ಗೊತ್ತಾಗುತ್ತದೆ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆ ಮುಂದಿನ ಚಕ್ರದ ಅಂಚಿನಲ್ಲಿ ಒಂದು ಬಿಳಿ ಗೆರೆ ಕಂಡಿತು. ನೂಲಿನಷ್ಟು ಸಪೂರ. ಕೂದಲು ಅಂಟಿಕೊಂಡಿರಬೇಕು ಅಂತ ಉಗುರಿನಿಂದ ಕೆರೆದೆ. ಉಗುರಿಗೆ ಏನೂ ಸಿಗಲಿಲ್ಲ, ಮೇಲ್ಮೈ ನುಣ್ಣಗೇ ಇತ್ತು. ಗೆರೆ ಇದ್ದದ್ದು ವಾರ್ನಿಷ್‌ನ ಅಡಿಯಲ್ಲಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಒಂದಲ್ಲ, ಏಳೆಂಟು ಗೆರೆಗಳು. ಎಲ್ಲವೂ ಹೊರಟದ್ದು ಒಂದೇ ಗೀರಿನಿಂದ. ಯಾವತ್ತೋ ಫುಟ್‌ಪಾತಿನ ಕಲ್ಲಿಗೆ ಚಕ್ರ ಒರೆಸಿದ ಗೀರು ಅದು. ಮರದ ತೊಲೆಯ ಮೇಲೆ ಗೆದ್ದಲು ದಾರಿ ಮಾಡಿಕೊಂಡು ಹೋಗುತ್ತದಲ್ಲ, ಥೇಟ್ ಹಾಗೆ.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪು. ಮೆಟಲ್ ಪಾಲಿಶ್ ತಂದು ಅರ್ಧ ಭಾನುವಾರ ತಿಕ್ಕಿದೆ. ಹೋಗಲಿಲ್ಲ. ಮರುವಾರ ವಾಟರ್ ಸರ್ವಿಸಿಗೆ ಕೊಟ್ಟೆ. ಅಲ್ಲಿಯ ಹುಡುಗ ಬಾಟಲಿಯಿಂದ ಎಂಥದೋ ದ್ರಾವಣ ಹೊಡೆದ, ಬುಸ್ ಅಂತ ನೊರೆ ಬಂತು, ಮೂಗಿಗೆ ಘಾಟು ಹೊಡೆಯಿತು, ಚಕ್ರ ಫಳಫಳ ಅಂದಿತು. ಹತ್ತು ಹದಿನೈದು ದಿನ. ಅಷ್ಟರಲ್ಲಿ ಗೀರಿನ ಸುತ್ತ ವಾರ್ನಿಷ್ ಮಂಕಾಗಿ, ಗೆರೆಗಳು ಹೆಬ್ಬೆರಳಿನಷ್ಟು ಅಗಲದ ಒಂದು ಬಿಳಿ ಕಲೆಯಾಗಿದ್ದವು. ಆಗ ತೋರಿಸಿದೆ ನಮ್ಮೂರ ಗ್ಯಾರೇಜಿನವನಿಗೆ. ಅವನು ಕೂತು ನೋಡಿ ಒಂದೇ ಮಾತು ಹೇಳಿದ: "ಇದು ತಿಕ್ಕಿದ್ರೆ ಹೋಗುದಿಲ್ಲ ಮಾಸ್ಟ್ರೇ, ಒಳಗಿಂದ ಬಂದದ್ದು."

ಒಳಗಿಂದ ಬಂದದ್ದು ಅಂದರೇನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಯುಮಿನಿಯಂ ನಿಜಕ್ಕೂ ಗಾಳಿಯೊಡನೆ ಬಹಳ ಬೇಗ ಕೂಡಿಕೊಳ್ಳುವ ಲೋಹ. ಅದರ ಮೈ ಗಾಳಿಗೆ ಒಡ್ಡಿದ ಕ್ಷಣದಲ್ಲೇ ಮೇಲೆ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಕಬ್ಬಿಣದ ತುಕ್ಕು ಉದುರುತ್ತದೆ, ಈ ಪೊರೆ ಉದುರುವುದಿಲ್ಲ, ಬಿಗಿಯಾಗಿ ಅಂಟಿಕೊಂಡು ಕಾಯುತ್ತದೆ. ಆದರೆ ಅದಕ್ಕೆ ಆಗಿಬರದವು ಕೆಲವಿವೆ. ಹುಳಿ ಹೆಚ್ಚಾದರೂ ಕರಗುತ್ತದೆ, ಕ್ಷಾರ ಹೆಚ್ಚಾದರೂ ಕರಗುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 4ರಿಂದ 9ರ ಒಳಗೆ ಇದ್ದರೆ ಅದಕ್ಕೆ ನೆಮ್ಮದಿ. ಇನ್ನು ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತದೆ. ಅಡುಗೆಮನೆಯವರಿಗೆ ಇದು ಹೊಸ ಸಂಗತಿಯಲ್ಲ. ಉತ್ತರ ಕರ್ನಾಟಕದ ಕಡೆ ಜರ್ಮನ್ ಪಾತ್ರೆ ಅನ್ನುತ್ತಾರಲ್ಲ, ಆ ಅಲ್ಯುಮಿನಿಯಂ ಪಾತ್ರೆಯಲ್ಲಿ ಉಪ್ಪಿನಕಾಯಿ ಹಾಕಿಡುವವರು ಯಾರೂ ಇಲ್ಲ. ಉಪ್ಪು, ಹುಳಿ ಎರಡೂ ಒಟ್ಟಿಗೆ ಸೇರಿದರೆ ಪಾತ್ರೆಯ ತಳದಲ್ಲಿ ಕಪ್ಪು ಚುಕ್ಕಿ, ಆಮೇಲೆ ಕುಳಿ.

ಕಾರಿನ ಅಲಾಯ್ ವೀಲ್ ಬರೀ ಅಲ್ಯುಮಿನಿಯಂ ಅಲ್ಲ. ಹೆಚ್ಚಿನವುಗಳಲ್ಲಿ ಶೇಕಡಾ 7ರಷ್ಟು ಸಿಲಿಕಾನ್, 0.3ರ ಆಸುಪಾಸು ಮೆಗ್ನೀಷಿಯಂ ಬೆರೆತಿರುತ್ತದೆ. ಎರಕ ಹೊಯ್ದು, ಬಣ್ಣ ಕೊಟ್ಟು, ಡೈಮಂಡ್ ಕಟ್ ಆದರೆ ಮುಂಭಾಗವನ್ನು ಲೇತ್‌ನಲ್ಲಿ ಮತ್ತೆ ಕೆತ್ತಿ, ಆ ಬರಿಯ ಲೋಹದ ಮೇಲೆ ಪಾರದರ್ಶಕ ವಾರ್ನಿಷ್ ಕೊಡುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಕ್ಲಿಯರ್ ಕೋಟ್. ದಪ್ಪ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು. ಬಣ್ಣದ ಚಕ್ರಕ್ಕೆ ಕ್ಲಿಯರ್ ಕೋಟ್‌ನ ಕೆಳಗೆ ಬಣ್ಣವಿದೆ, ಪ್ರೈಮರ್ ಇದೆ. ಡೈಮಂಡ್ ಕಟ್‌ನ ಹೊಳೆಯುವ ಮುಖಕ್ಕೆ ಅದೊಂದೇ ಅಂಗಿ. ಅದಕ್ಕೇ ಮೊದಲು ಕೆಡುವುದು ಅದೇ ಮುಖ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಈ ಅಂಗಿ ಒಂದು ಕಡೆ ಹರಿದರೆ ಏನಾಗುತ್ತದೆ? ಉಪ್ಪು ನೀರಿನ ಒಂದು ಹನಿ ಗೀರಿನೊಳಗೆ ಇಳಿಯುತ್ತದೆ. ವಾರ್ನಿಷ್‌ನ ಅಡಿಗೆ ನುಸುಳಿದ ತುದಿಗೆ ಗಾಳಿ ಸಿಗುವುದಿಲ್ಲ, ಹಿಂದಿನ ಬಾಲಕ್ಕೆ ಸಿಗುತ್ತದೆ. ಒಂದೇ ಹನಿಯ ಎರಡು ಕೊನೆಗಳಲ್ಲಿ ಗಾಳಿಯ ಈ ಹೆಚ್ಚುಕಡಿಮೆ ಇದ್ದರೆ ಸಾಕು, ಅದೊಂದು ಪುಟ್ಟ ಬ್ಯಾಟರಿ. ಗಾಳಿ ಸಿಗದ ತಲೆಯ ಕಡೆ ತೀವ್ರ ಹುಳಿ ಹುಟ್ಟಿ ಲೋಹ ಕರಗುತ್ತದೆ. ಕರಗಿದ್ದು ಬಾಲದ ಕಡೆ ಬಿಳಿ ಪುಡಿಯಾಗಿ ನಿಲ್ಲುತ್ತದೆ. ತಲೆ ಮುಂದೆ ಹೋಗುತ್ತಲೇ ಇರುತ್ತದೆ, ವಾರ್ನಿಷನ್ನು ಎತ್ತಿಕೊಂಡು. ಇಂಗ್ಲಿಷಿನಲ್ಲಿ ಇದಕ್ಕೆ ಫಿಲಿಫಾರ್ಮ್ ಕೊರೋಶನ್ ಅಂತ ಹೆಸರು, ನೂಲಿನಾಕಾರದ ಸವೆತ. ಒಂದು ವಿಚಿತ್ರ ಗಮನಿಸಿ: ಈ ಗೆರೆಗಳು ಸಾಮಾನ್ಯವಾಗಿ ಒಂದನ್ನೊಂದು ದಾಟುವುದಿಲ್ಲ, ಹತ್ತಿರ ಬಂದರೆ ತಿರುಗಿ ಬೇರೆ ದಾರಿ ಹಿಡಿಯುತ್ತವೆ. ನಮ್ಮ ಬಸ್ಸುಗಳಿಗಿಂತ ವಾಸಿ.

ಇದಕ್ಕೆ ಮಳೆಯೇ ಬೇಕೆಂದಿಲ್ಲ. ಗಾಳಿಯ ತೇವ ಶೇಕಡಾ 65ರಿಂದ 95ರ ನಡುವೆ ಇದ್ದರೆ ಸಾಕು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ತೇವಕ್ಕೆ ಬರವೇ? ಉಪ್ಪು ಕೂಡ ಸಮುದ್ರದಿಂದಲೇ ಬರಬೇಕೆಂದಿಲ್ಲ. ಮೀನಿನ ಲಾರಿ ಮುಂದೆ ಹೋಗುತ್ತಿದ್ದರೆ ಅದರಿಂದ ಸುರಿಯುವ ಐಸ್ ಕರಗಿದ ನೀರು ರಸ್ತೆಯ ಮೇಲೆ ಗೆರೆ ಎಳೆದುಕೊಂಡು ಹೋಗುತ್ತದೆ. ನಾವು ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತೇವೆ, ಚಕ್ರ ಮಾತ್ರ ಆ ನೀರಿನಲ್ಲೇ ಉರುಳುತ್ತದೆ. ಘಟ್ಟದ ಮೇಲಿನವರು ಇದೆಲ್ಲ ಕರಾವಳಿಯವರ ಕಷ್ಟ ಅಂದುಕೊಳ್ಳಬೇಡಿ. ವಾಟರ್ ಸರ್ವಿಸ್ ಎಲ್ಲ ಊರಲ್ಲೂ ಇದೆ.

ಆ ದ್ರಾವಣದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಸಮುದ್ರ ವರ್ಷಗಟ್ಟಲೆ ಮಾಡುವುದನ್ನು ಅದು ಹತ್ತು ನಿಮಿಷದಲ್ಲಿ ಮಾಡಬಲ್ಲದು. ಅಗ್ಗದ ವೀಲ್ ಕ್ಲೀನರ್‌ಗಳು ಎರಡು ಜಾತಿ. ಕೆಲವು ಕಾಸ್ಟಿಕ್ ಸೋಡದಂಥ ಕ್ಷಾರ, ಅಲ್ಯುಮಿನಿಯಮ್ಮಿನ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತವೆ. ಕೆಲವು ಆಮ್ಲ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೇ ಚಕ್ರಕ್ಕೆ ಹಾಕುವವರನ್ನು ನೋಡಿದ್ದೇನೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ಹುಳಿಯೂ ಹೌದು, ಕ್ಲೋರೈಡೂ ಹೌದು. ಉಪ್ಪಿನಕಾಯಿಯದೇ ಕತೆ. ಇನ್ನು ಕೆಲವು ಬ್ರೈಟ್ನರ್‌ಗಳಲ್ಲಿ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದರಿಂದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಚಕ್ರಕ್ಕಿಂತ ಮನುಷ್ಯನಿಗೆ ಅಪಾಯ. ಚರ್ಮದ ಮೇಲೆ ಬಿದ್ದಾಗ ಮೊದಲಿಗೆ ಉರಿ ಕೂಡ ಗೊತ್ತಾಗದೆ ಇರಬಹುದು, ಒಳಗೊಳಗೇ ಇಳಿದು ಎಲುಬಿನವರೆಗೆ ಹೋಗುತ್ತದೆ. ಬರಿಗೈಯಲ್ಲಿ ಅದನ್ನು ಹೊಡೆಯುವ ಹುಡುಗನ ಕೈ ನೋಡಿ ನನಗೆ ಚಕ್ರದ ಚಿಂತೆ ಮರೆತುಹೋಯಿತು. ನಿಮ್ಮ ಕಾರು ಕೊಡುವಾಗ "ಚಕ್ರಕ್ಕೆ ಬರೀ ಶಾಂಪೂ ನೀರು ಸಾಕು" ಅಂತ ಹೇಳಿಬಿಡಿ. ಇಬ್ಬರಿಗೂ ಒಳ್ಳೆಯದು.

ಮತ್ತೆ ತೊಳೆಯುವುದು ಹೇಗೆ? ಚಕ್ರ ತಣ್ಣಗಾಗಿರಲಿ. ಓಡಿಸಿ ತಂದ ಕೂಡಲೇ ಬಿಸಿ ಚಕ್ರದ ಮೇಲೆ ಶಾಂಪೂ ಸುರಿದರೆ ಅಲ್ಲೇ ಒಣಗಿ ಕಲೆ ಕೂರುತ್ತದೆ. ಮೊದಲು ಧಾರಾಳ ನೀರು. ಹೊರಮುಖಕ್ಕೆ ಮಾತ್ರವಲ್ಲ, ಬಾನಿಯಂಥ ಒಳಭಾಗಕ್ಕೂ. ಉಪ್ಪು, ಕೆಸರು ಕೂತಿರುವುದು ಅಲ್ಲೇ ಹೆಚ್ಚು. ಆಮೇಲೆ ಕಾರ್ ಶಾಂಪೂ, ಮೆತ್ತಗಿನ ಬ್ರಶ್, ಚಕ್ರಕ್ಕೇ ಬೇರೆ ಬಕೆಟ್. ಕಂದು ಚುಕ್ಕಿಗಳು ಉಳಿದರೆ ಅದು ಬ್ರೇಕಿನ ಪುಡಿ. ಬ್ರೇಕ್ ಡಿಸ್ಕಿನ ಬೀಡು ಕಬ್ಬಿಣ ಸವೆದು ಬಿಸಿಬಿಸಿಯಾಗಿ ಹಾರಿ ವಾರ್ನಿಷ್‌ಗೆ ಕಚ್ಚಿಕೊಂಡು ಅಲ್ಲಿ ತುಕ್ಕು ಹಿಡಿದಿರುತ್ತದೆ. ಅದಕ್ಕೆ ಐರನ್ ರಿಮೂವರ್ ಅಂತ ಬರುತ್ತದೆ, ಕಬ್ಬಿಣ ಸಿಕ್ಕಿದ ಕಡೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಕೊಳೆತ ಮೊಟ್ಟೆಯದು, ಕೆಲಸ ಮಾತ್ರ ಚೊಕ್ಕ. ಡಬ್ಬಿಯ ಮೇಲೆ ಆಮ್ಲ ಇಲ್ಲ ಅಂತ ಇರುವುದನ್ನೇ ನೋಡಿ ತನ್ನಿ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ. ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ನೀರು ನಿಲ್ಲುವುದಿಲ್ಲ. ಕರಾವಳಿಯವರು ಮಳೆಗಾಲಕ್ಕೆ ಮೊದಲೊಮ್ಮೆ ತಪ್ಪದೆ ಹಚ್ಚಿ.

ಟಯರ್ ಅಂಗಡಿಯಲ್ಲಿ ಎರಡು ಮಾತು ಹೇಳಬೇಕು. ಬ್ಯಾಲೆನ್ಸಿಂಗ್ ಮಾಡುವಾಗ ಅಂಚಿಗೆ ಸುತ್ತಿಗೆಯಲ್ಲಿ ಬಡಿದು ಕಚ್ಚಿಸುವ ತೂಕ ಬೇಡ, ಒಳಬದಿಗೆ ಅಂಟಿಸುವ ತೂಕ ಹಾಕಿ ಅನ್ನಿ. ಬಡಿದು ಕೂರಿಸಿದ್ದರ ಉಕ್ಕಿನ ಹಲ್ಲು ವಾರ್ನಿಷನ್ನು ಒಡೆಯುತ್ತದೆ, ಮೇಲಿಂದ ಉಕ್ಕು, ಅಲ್ಯುಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಕೆಡುವುದು ಅಲ್ಯುಮಿನಿಯಮ್ಮೇ. ಎರಡನೆಯದು, ಟಯರ್ ಬಿಚ್ಚುವಾಗ ಲಿವರ್ ಅಂಚಿಗೆ ತಾಗದ ಹಾಗೆ ಪ್ಲಾಸ್ಟಿಕ್ ಗಾರ್ಡ್ ಇಡಲಿ.

ಟಯರ್ ಬಿಚ್ಚಿದಾಗ ನಿಂತು ನೋಡುವುದೂ ಒಳ್ಳೆಯದು. ನನ್ನ ಆ ಚಕ್ರದಲ್ಲಿ ವಾರಕ್ಕೆ ಎರಡು ಮೂರು ಪಾಯಿಂಟ್ ಗಾಳಿ ಇಳಿಯುತ್ತಿತ್ತು. ಎಲ್ಲೂ ಮೊಳೆ ಇಲ್ಲ. ಸೋಪಿನ ನೀರು ಹಾಕಿದರೆ ಟಯರೂ ರಿಮ್ಮೂ ಸೇರುವ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಬಿಚ್ಚಿ ನೋಡಿದರೆ ಟಯರ್ ಕೂರುವ ಜಾಗದಲ್ಲೆಲ್ಲ ಬಿಳಿ ಪುಡಿ, ಸುಣ್ಣ ಉದುರಿದ ಗೋಡೆಯ ಹಾಗೆ. ಲೋಹ ಪುಡಿಯಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಉಬ್ಬುತ್ತದೆ, ಟ್ಯೂಬ್‌ಲೆಸ್ ಟಯರ್ ಬಿಗಿಯಾಗಿ ಕೂರುವುದಿಲ್ಲ. ಅದನ್ನು ಬ್ರಶ್ಶಿನಿಂದ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಕೊಟ್ಟು, ಟಯರಿನ ಅಂಚಿನ ಸಂದು ಮುಚ್ಚುವ ಬೀಡ್ ಸೀಲರ್ ಹಚ್ಚಿ ಕೂರಿಸಿದ ಮೇಲೆ ಗಾಳಿ ನಿಂತಿತು. ಇನ್ನೊಂದು, ನಟ್ಟೆಲ್ಲ ಬಿಚ್ಚಿದರೂ ಚಕ್ರ ಹೊರಗೆ ಬರಲಿಲ್ಲ. ಚಕ್ರ ಕೂರುವ ಉಕ್ಕಿನ ಗುಂಬಕ್ಕೆ, ಅಂದರೆ ಹಬ್ಬಿಗೆ, ಕಚ್ಚಿಕೊಂಡಿತ್ತು. ಮರದ ಕೊಡತಿಯಲ್ಲಿ ಸುತ್ತಲೂ ಬಡಿದು ಬಿಡಿಸಬೇಕಾಯಿತು. ಹಬ್ಬಿನ ನಡುವಿನ ಉಂಗುರಕ್ಕೆ, ಲೋಹಗಳು ಕಚ್ಚಿಕೊಳ್ಳದ ಹಾಗೆ ಹಚ್ಚುವ ಆಂಟಿ-ಸೀಜ್ ಒಂದು ಸವರು ಹಾಕಿದರೆ ಮುಂದಿನ ಸಲ ಸಲೀಸು. ನಟ್ಟು ಬೋಲ್ಟಿನ ಎಳೆಗೆ ಮಾತ್ರ ಹಚ್ಚಬೇಡಿ, ಬಿಗಿಯ ಲೆಕ್ಕ ತಪ್ಪುತ್ತದೆ.

ಈಗಾಗಲೇ ಗೆರೆ ಬಂದವರು ಏನು ಮಾಡಬೇಕು? ಗೆರೆ ಇರುವುದು ವಾರ್ನಿಷ್‌ನ ಕೆಳಗೆ, ಹಾಗಾಗಿ ಮೇಲಿಂದ ಪಾಲಿಶ್ ಮಾಡಿದರೆ ಉಳಿದ ಒಳ್ಳೆಯ ವಾರ್ನಿಷ್ಷೇ ಸವೆಯುತ್ತದೆ. ಮೇಲಿಂದ ಹೊಸ ವಾರ್ನಿಷ್ ಹೊಡೆದರೆ ಉಪ್ಪನ್ನು ಒಳಗೆ ಕೂಡಿಹಾಕಿದ ಹಾಗೆ. ಕಲೆ ಬಟಾಣಿಯಷ್ಟಿದ್ದರೆ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಮೊದಲು 400 ನಂಬರಿನದು, ಆಮೇಲೆ 800ರದು. ಬಿಳಿ ಕಾಣದಾದ ಮೇಲೂ ಅಂಚಿನಿಂದ ಅರ್ಧ ಇಂಚು ಆಚೆಗೆ ಹೋಗಿ. ಗೆರೆಯ ತಲೆ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಇರಬಹುದು. ಚೆನ್ನಾಗಿ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಬಣ್ಣದ ಚಕ್ರವಾದರೆ ಪ್ರೈಮರ್, ಬಣ್ಣ, ವಾರ್ನಿಷ್. ಮಳೆ ಬರುವ ದಿನ ಮಾಡಬೇಡಿ. ಕಲ್ಲು ತಾಗಿದ ಹೊಸ ಗೀರಾದರೆ ಅವತ್ತೇ ತೊಳೆದು ಒಣಗಿಸಿ ಟಚ್-ಅಪ್ ಹಚ್ಚಿಬಿಡಿ, ಚಂದ ಕಾಣದಿದ್ದರೂ ಪರವಾಗಿಲ್ಲ.

ಕಲೆ ಹರಡಿದ್ದರೆ ಕೈಕೆಲಸ ಸಾಲದು. ಬಣ್ಣವನ್ನೆಲ್ಲ ಕಿತ್ತು ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಾಕಿ ಒಲೆಯಲ್ಲಿ ಕಾಯಿಸಿ ಕೂರಿಸುವುದು, ಮಾಡಿಸಬೇಕು. ಡೈಮಂಡ್ ಕಟ್ಟೇ ಬೇಕೆಂದರೆ ಮತ್ತೆ ಲೇತಿಗೆ ಹಾಕಬೇಕು, ಪ್ರತಿ ಸಲವೂ ಲೋಹ ಸವೆಯುವುದರಿಂದ ಅದನ್ನು ಲೆಕ್ಕವಿಲ್ಲದಷ್ಟು ಸಲ ಮಾಡುವಂತಿಲ್ಲ. ಪೌಡರ್ ಕೋಟಿಂಗಿನವರ ಹತ್ತಿರ ಒಲೆಯ ಬಿಸಿ ಎಷ್ಟು, ಎಷ್ಟು ಹೊತ್ತು ಅಂತ ಕೇಳಿ. ಸಾಮಾನ್ಯವಾಗಿ 180ರಿಂದ 200 ಡಿಗ್ರಿ, ಹದಿನೈದಿಪ್ಪತ್ತು ನಿಮಿಷ. ಕಾರ್ಖಾನೆಯಲ್ಲಿ ಚಕ್ರಕ್ಕೆ ಗಟ್ಟಿತನ ಬರುವುದೇ 540 ಡಿಗ್ರಿಯ ಹತ್ತಿರ ಕಾಯಿಸಿ ನೀರಿಗದ್ದಿ, ಮತ್ತೆ 150-160 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು. ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಆ ಗಟ್ಟಿತನ ಇಳಿಯುತ್ತದೆ. ಬಣ್ಣ ಕಿತ್ತಾಗ ಬಿರುಕು ಕಂಡರೆ, ಇಲ್ಲವೇ ನಟ್ಟಿನ ತೂತಿನ ಸುತ್ತ ಆಳವಾದ ಕುಳಿ ಇದ್ದರೆ, ವೆಲ್ಡಿಂಗ್ ಮಾತೇ ಬೇಡ, ಚಕ್ರ ಬದಲಿಸಿ.

ನನ್ನವು ನಾಲ್ಕರಲ್ಲಿ ಎರಡು ಕೆಟ್ಟಿದ್ದವು. ಎರಡಕ್ಕೂ ಡೈಮಂಡ್ ಕಟ್ಟಿನ ಹಂಬಲ ಬಿಟ್ಟು ಸಾದಾ ಬೆಳ್ಳಿ ಬಣ್ಣದ ಪೌಡರ್ ಕೋಟಿಂಗ್ ಮಾಡಿಸಿದೆ. ಗ್ಯಾರೇಜಿನವನು ನೋಡಿ ನಕ್ಕ. "ಎಂತ ಮಾಸ್ಟ್ರೇ, ಒಂದೇ ಕಾರಿಗೆ ಎರಡು ನಮೂನೆ ಚಕ್ರ ಆಯ್ತಲ್ಲ?" ಎರಡನ್ನೂ ಎಡಬದಿಗೇ ಹಾಕು ಮಾರಾಯ, ಒಂದೇ ಸಲಕ್ಕೆ ಎರಡೂ ಬದಿ ನೋಡುವವರು ಯಾರಿದ್ದಾರೆ ಅಂದೆ. "ಟಯರ್ ರೊಟೇಶನ್ ಮಾಡುವಾಗ?" ಅಂತ ಕೇಳಿದ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಬದಿ ಮಾತ್ರ ಬದಲಿಸಬೇಡ ಅಂದಿದ್ದೇನೆ.

ನಮಸ್ಕಾರ.